ಖಾಲಿ ಗಾಜು ನೋಡಿದವರು

ಮೌನಮ್ಮನ ಬಗ್ಗೆ ನೂರು ಪದ ಬರೆದುಕೊಡಿ ಎಂದು ಹಜರಾಬೀ ಮೇಡಂ ನನಗೇ ಹೇಳಿದರು. ನಮ್ಮ ಕೇಂದ್ರದ ವಾರ್ಷಿಕ ಸಂಚಿಕೆಗಂತೆ, ಫೋಟೋ ಸಮೇತ. ಬೇರೆ ಯಾರೂ ಸಿಗಲಿಲ್ಲವೇ ಅವರಿಗೆ? ಬರೆದುಕೊಟ್ಟೆ: ಶ್ರಮಜೀವಿ, ಸರಳ ಸ್ವಭಾವ, ಎಲ್ಲರಿಗೂ ಮಾದರಿ. ಒಂದೊಂದು ಪದ ಬರೆಯುವಾಗಲೂ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆ ನೂರರಲ್ಲಿ ಹಿಡಿಯದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಮೇಡಂಗೆ ಕೊಡುವುದಿಲ್ಲ.

ನಾನು ಶರಣಕುಮಾರ. ಶಹಾಪುರದ ಹೊರಗಿರುವ ಭತ್ತದ ಸಂಶೋಧನಾ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಪ್ರಯೋಗಾಲಯ ಸಹಾಯಕ. ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ನನ್ನ ಕೆಲಸ ಕಾಳು ಎಣಿಸುವುದು. ನಗಬೇಡಿ. ಒಂದು ತೆನೆಯಲ್ಲಿ ಗಟ್ಟಿ ಕಾಳೆಷ್ಟು, ಜೊಳ್ಳೆಷ್ಟು ಅನ್ನುವುದರ ಮೇಲೆಯೇ ಹೊಸ ತಳಿ ರೈತನ ಗದ್ದೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ. ಬೇರೆ ಕೇಂದ್ರಗಳಲ್ಲಿ ಐದೈದು ಕಾಳು ಸರಿಸಿ ಎಣಿಸಿದರೆ ನಾನು ಮೂರು ಮೂರು ಕಾಳನ್ನು ಸಾಲಾಗಿ ಇಟ್ಟು ಎಣಿಸುತ್ತೇನೆ. ಐದರಲ್ಲಿ ಕಣ್ಣು ಮೋಸ ಹೋಗುತ್ತದೆ, ಮೂರರಲ್ಲಿ ಹೋಗುವುದಿಲ್ಲ. ಹಾಳೆಯ ಕೆಳಗೆ ‘ಎಣಿಸಿದವರು’ ಎಂದು ಒಂದು ಖಾನೆ ಇರುತ್ತದೆ. ಹದಿನಾಲ್ಕು ವರ್ಷ ಅದರಲ್ಲಿ ನನ್ನ ಹೆಸರು ಬಿಟ್ಟು ಬೇರೆ ಹೆಸರು ಬಿದ್ದಿರಲಿಲ್ಲ. ಬೇರೆಯವರಿಗೆ ಹೊಲ ಇರುತ್ತದೆ, ಹೆಸರು ಇರುತ್ತದೆ. ನನಗೆ ಆ ಖಾನೆ ಇತ್ತು.

ಮೌನಮ್ಮ ಬಂದದ್ದು ನಾಲ್ಕು ವರ್ಷದ ಹಿಂದೆ, ದಿನಗೂಲಿಗೆ. ತೆನೆ ಬಡಿಯುವುದು, ಕಾಳು ಚೀಲಕ್ಕೆ ತುಂಬುವುದು, ಕಸ ಹೊಡೆಯುವುದು. ಸುರಪುರದ ಕಡೆ, ಕೃಷ್ಣೆಯ ದಂಡೆಯ ಹಳ್ಳಿಯವಳು. ಮೀನು ಹಿಡಿಯುವ ಮನೆ. ಪಿಯುಸಿಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದಳು, ಅಷ್ಟರಲ್ಲಿ ಗೋಗಿಗೆ ಮದುವೆ ಮಾಡಿಕೊಟ್ಟರು. ಗಂಡ ಬಾಲರಾಜ ಶೇರ್ ಆಟೋ ಓಡಿಸುತ್ತಾನೆ. ಬೆಳಿಗ್ಗೆ ಶಹಾಪುರಕ್ಕೆ ಬರುವ ಮೊದಲ ಟ್ರಿಪ್ಪಿನಲ್ಲಿ ಅವಳನ್ನು ನಮ್ಮ ಗೇಟಿನ ಮುಂದೆ ಇಳಿಸಿ ಹೋಗುತ್ತಾನೆ. ಮಾತು ಕಮ್ಮಿ. ಊಟದ ಹೊತ್ತಿಗೆ ಮಾತ್ರ ಅವ್ವನ ಸುದ್ದಿ ತೆಗೆಯುತ್ತಿದ್ದಳು. ಅವ್ವ ಹನುಮಮ್ಮ ಸಂತೆಯಲ್ಲಿ ಮೀನು ಮಾರುವಾಕೆ. ಮೊದಲು ಖಾಲಿ ಬುಟ್ಟಿ ತೂಗುತ್ತಿದ್ದಳಂತೆ, ಆಮೇಲೆ ಮೀನಿನ ಬುಟ್ಟಿ. ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೊಮ್ಮೆ ಖಾಲಿ ಬುಟ್ಟಿ. "ಬುಟ್ಟಿ ತೊಯ್ದಿರ್ತದ, ಅದರಾಗ ಯಾರರ ಕಲ್ಲ ಇಟ್ಟಿರ್ತಾರ. ಮುಂಜಾನಿ ತೂಕ, ಸಂಜಿ ತೂಕ ಒಂದಾ ಬಂದ್ರ ಅವತ್ತಿನ ವ್ಯಾಪಾರ ಖರೇ ಅಂತಿದ್ಲು ನಮ್ಮವ್ವ," ಎಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಮೀನಿನ ಬುಟ್ಟಿ ಕಟ್ಟಿಕೊಂಡು ನನಗೇನಾಗಬೇಕು?

ನಡುವೆ ಶಿವಶರಣ ಎಂಬ ಪಿಎಚ್‌ಡಿ ಹುಡುಗ ಬಂದ. ಕೆಳಗಿನಿಂದ ಬೆಳಕು ಬರುವ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದ, ಮೇಲೊಂದು ಕ್ಯಾಮೆರಾ ಕೂರಿಸಿದ, ಚಿತ್ರಗಳನ್ನು ಅಳೆಯುವ ಪುಕ್ಕಟೆ ಸಾಫ್ಟ್‌ವೇರೊಂದನ್ನು ಕಂಪ್ಯೂಟರಿಗೆ ಹಾಕಿದ. ಗಾಜಿನ ಮೇಲೆ ಗೀರು, ಕಲೆ ಇದ್ದವು, ಒಂದು ಮೂಲೆ ಮಂಕು. ಅದಕ್ಕೆ ಮೊದಲು ಖಾಲಿ ಗಾಜಿನ ಫೋಟೋ, ಆಮೇಲೆ ಕಾಳು ಹರವಿದ ಗಾಜಿನ ಫೋಟೋ. ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಎರಡರಲ್ಲೂ ಒಂದೇ ಆಗಿರುವುದೆಲ್ಲ ಸೊನ್ನೆಯಾಗಿ ಕಪ್ಪಾಗುತ್ತದೆ, ವ್ಯತ್ಯಾಸ ಇದ್ದಲ್ಲಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಗಟ್ಟಿ ಕಾಳು ಬೆಳಕು ತಡೆಯುತ್ತದೆ, ಪೂರಾ ಬೆಳ್ಳಗೆ ಕಾಣುತ್ತದೆ. ಜೊಳ್ಳು ಬೆಳಕು ಬಿಡುತ್ತದೆ, ಮಸುಕು. ಶಿವಶರಣ ನನಗೆ ಎರಡು ಸಲ ಹೇಳಿಕೊಟ್ಟ. "ನನಗ ಕಣ್ಣ ಅದಾವಪ್ಪ," ಅಂದೆ. ಅವನು ಓದು ಮುಗಿಸಿ ಹೋದ. ಕಂಪ್ಯೂಟರಿನ ಮೇಲೆ ಧೂಳು ಕೂತಿತು.

ಧೂಳು ಒರೆಸುವ ಕೆಲಸ ಮೌನಮ್ಮನದು.

ಒರೆಸುತ್ತ ಒರೆಸುತ್ತ ಯಾವಾಗ ಕಲಿತಳೋ ನನಗೆ ಗೊತ್ತಿಲ್ಲ. ಶಿವಶರಣ ಎರಡು ಸಲ ಹೇಳಿದರೂ ನಾನು ತಲೆಗೆ ಹಾಕಿಕೊಳ್ಳದ್ದನ್ನು ಇವಳು "ಬುಟ್ಟಿ ತೂಕ ಕಳದಂಗ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಒಂದು ದಿನ ಪರದೆಯತ್ತ ಕೈ ತೋರಿಸಿ ಅಂದಳು: "ಸರ್ರ, ನಾ ಏನ್ ಒತ್ತಿದ್ರೂ ಇದು ತನ್ನಷ್ಟಕ್ಕ ತಾ ಬರಕೊಳ್ಳಾಕತ್ತದ್ರಿ. ಆ ಬರದದ್ದನ್ನ ಓಡಿಸಿದ್ರ ನಾ ಮಾಡಿದ್ದೆಲ್ಲ ಅದಾ ಮಾಡ್ತದ. ಮೀನಿನ ಬಲಿ ಹೆಣಿದಂಗ ನೋಡ್ರಿ. ಒಂದ್ ಗಂಟ ಸರಿ ಬಿತ್ತಂದ್ರ ಉಳಿದದ್ದೆಲ್ಲ ಅದಾ ಗಂಟ."

ಅದಕ್ಕೆ ಮ್ಯಾಕ್ರೋ ಅನ್ನುತ್ತಾರೆ. ನನಗೆ ಗೊತ್ತಿತ್ತು. ಆದರೆ ನಾನು ಕೇಳಿದ್ದು, "ಆ ಮೂಲ್ಯಾಗ ಕಸ ಹೊಡದ್ಯೇನು?" ಎಂದು.

ಆ ಕ್ಷಣದಿಂದ ಶುರುವಾದ ಹೊಟ್ಟೆಕಿಚ್ಚು ಇದು. ತಿಂಗಳೊಳಗೆ ನಾನು ಎರಡು ದಿನ ಎಣಿಸುವ ಅರವತ್ತು ತೆನೆಯನ್ನು, ಒಂದೊಂದರ ಫೋಟೋ ತೆಗೆದಿಟ್ಟುಕೊಂಡು, ಚಹಾ ಆರುವುದರೊಳಗೆ ಎಣಿಸಿ ಎದ್ದಳು. ಹಜರಾಬೀ ಮೇಡಂ ನಮ್ಮ ಮುಖ್ಯಸ್ಥರು, ಯಾವುದನ್ನೂ ಸುಮ್ಮನೆ ನಂಬುವವರಲ್ಲ. ಇನ್ನೂರು ತೆನೆಗಳ ನನ್ನ ಎಣಿಕೆಯನ್ನೂ ಅವಳ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹನ್ನೊಂದು ಕಡೆ ತಾಳೆಯಾಗಲಿಲ್ಲ. ಆ ಹನ್ನೊಂದನ್ನು ತಾವೇ ಕೂತು ಎಣಿಸಿದರು. ಏಳು ಕಡೆ ತಪ್ಪು ನನ್ನದು. ಹದಿನಾಲ್ಕು ವರ್ಷದ ಕಣ್ಣಿನ ತಪ್ಪನ್ನು ಮೊನ್ನೆ ಬಂದವಳು ಹಿಡಿದಿದ್ದಳು, ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ. ಮರುದಿನದ ಹಾಳೆಯಲ್ಲಿ ಆ ಖಾನೆಯ ಎದುರು ಅಚ್ಚಾಗಿ ಬಂತು: ‘ಎಣಿಸಿದವರು: ಮೌನಮ್ಮ’.

ನನಗೆ ಉಳಿದ ಕೆಲಸ ಒಂದೇ. ಕ್ಯಾಮೆರಾ ಕಾಯಂ ನೌಕರನಾದ ನನ್ನ ಹೆಸರಿನಲ್ಲಿದ್ದದ್ದರಿಂದ ಬೆಳಿಗ್ಗೆ ಅದನ್ನು ಕೂರಿಸಿ ಖಾಲಿ ಗಾಜಿನ ಫೋಟೋ ತೆಗೆಯುವುದು. ಏನೂ ಇಲ್ಲದ್ದರ ಫೋಟೋ! ಆ ಅಮಾವಾಸ್ಯೆ ಹೆಂಡತಿ ಅಬ್ಬೆತುಮಕೂರಿನ ಮಠಕ್ಕೆ ಕರೆದುಕೊಂಡು ಹೋದಳು. ಗದ್ದುಗೆಯ ಮುಂದೆ ನಿಂತ ಜನ ಮಕ್ಕಳಿಗೆ ಒಳ್ಳೆಯದಾಗಲಿ, ಮೈಗೆ ಆರಾಮಿರಲಿ ಎಂದು ಬೇಡಿಕೊಳ್ಳುತ್ತಿದ್ದರು. ನಾನು ಆ ಕಂಪ್ಯೂಟರ್ ಸುಟ್ಟು ಹೋಗಲಿ ಎಂದು ಕೈಮುಗಿದೆ. ನಾಚಿಕೆಯಾಯಿತು. ಆದರೂ ಇನ್ನೊಮ್ಮೆ ಬೇಡಿಕೊಂಡೇ ಬಂದೆ.

ಕಂಪ್ಯೂಟರ್ ಸುಡಲಿಲ್ಲ. ಬದಲಿಗೆ, ಶುಕ್ರವಾರ ಬೇರೆ ನಾಲ್ಕು ಕೇಂದ್ರಗಳವರು ಮೌನಮ್ಮನ ಎಣಿಕೆ ನೋಡಲು ಬರುತ್ತಾರೆ ಎಂದು ಮೇಡಂ ಹೇಳಿದರು. ಅವರು ಒಪ್ಪಿದರೆ ಮುಗಿಯಿತು, ಆ ಖಾನೆ ಇನ್ನು ಯಾವತ್ತೂ ನನಗಿಲ್ಲ. ಅವರ ಕೈಗೆ ತಪ್ಪು ಲೆಕ್ಕ ಹೋದರೆ ಮತ್ತೆ ನನ್ನ ಕಣ್ಣೇ ಗತಿ.

ಅವರಿಗೆ ತೋರಿಸುವ ತೆನೆಗಳ ಎಣಿಕೆ ಬುಧವಾರವಿತ್ತು. ಅವತ್ತು ಬೆಳಿಗ್ಗೆ ಖಾಲಿ ಗಾಜಿನ ಮೇಲೆ ಮೂರು ಗಟ್ಟಿ ಕಾಳು ಇಟ್ಟು ಫೋಟೋ ತೆಗೆದೆ. ಆಮೇಲೆ ಕಾಳು ತೆಗೆದು ಜೇಬಿಗೆ ಹಾಕಿಕೊಂಡೆ. ಸಾಫ್ಟ್‌ವೇರಿಗೆ ಬೇಕಾದದ್ದು ವ್ಯತ್ಯಾಸ ಮಾತ್ರ. ಮೊದಲಿದ್ದು ಆಮೇಲೆ ಇಲ್ಲದ್ದೂ ಅದಕ್ಕೆ ಕಾಳೇ. ಅವತ್ತಿನ ಪ್ರತಿ ತೆನೆಗೂ ಮೂರು ಕಾಳು ಜಾಸ್ತಿ ಬಿದ್ದವು. ನಾನು ಪಕ್ಕದ ಮೇಜಿನಲ್ಲಿ ಕೂತು ಆರಾಮಾಗಿ ಎರಡು ಚಹಾ ಕುಡಿದೆ.

ಸಂಜೆ ಬಸ್ಸಿಗೆಂದು ಚೀಲ ಹೆಗಲಿಗೆ ಹಾಕುತ್ತಿದ್ದೆ. ಮೌನಮ್ಮ ಗಾಜು ಒರೆಸಿ, ಏನೂ ಇಲ್ಲದ ಗಾಜಿನ ಫೋಟೋ ಇನ್ನೊಮ್ಮೆ ತೆಗೆದು, ಅದನ್ನೂ ತೆನೆಯ ಹಾಗೆ ಎಣಿಕೆಗೆ ಹಾಕಿದಳು. ಸೊನ್ನೆ ಬರಬೇಕು. ಮೂರು ಬಂತು. ಅವ್ವನ ಸಂಜೆಯ ಬುಟ್ಟಿ! ನಾಲ್ಕು ವರ್ಷ ರೊಟ್ಟಿಯ ಜೊತೆ ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳು ಬೆಳಗಿನ ಫೋಟೋ ತೆರೆದು ನೋಡಿದಳು.

"ಸರ್ರ, ಮುಂಜಾನಿ ಗಾಜಿನ ಮ್ಯಾಲ ಮೂರು ಕಾಳ ಉಳಿದಾವ್ರಿ."

"ಉಳದಿರಬೇಕು. ನಿನ್ನಿ ಯಾರರ ಚೆಲ್ಲಿರ್ತಾರ."

"ಚೆಲ್ಲಿದ ಕಾಳ ಸಾಲಾಗಿ ಬೀಳೂದಿಲ್ರಿ."

ಬಂದು ನೋಡಿದೆ. ಪರದೆಯ ಮೇಲೆ ಮೂರು ಕಾಳು, ಒಂದರ ಪಕ್ಕ ಒಂದು, ಗೆರೆ ಎಳೆದಂತೆ ನೆಟ್ಟಗೆ. ಆ ಕಟ್ಟಡದಲ್ಲಿ ಕಾಳನ್ನು ಹಾಗೆ ಇಡುವ ಕೈ ಒಂದೇ. ಮೋಸ ಮಾಡುವಾಗಲೂ ನನ್ನ ಕೈ ರೂಢಿ ಬಿಟ್ಟಿರಲಿಲ್ಲ.

"ಇವತ್ತಿಂದೆಲ್ಲ ಮತ್ತ ಮಾಡ್ಬೇಕಾಗ್ತದ," ಅಂದೆ, ಏನಾದರೂ ಅನ್ನಬೇಕಲ್ಲ ಎಂದು.

"ಬ್ಯಾಡ್ರಿ. ಈಗ ತೆಗದ ಖಾಲಿ ಫೋಟೋ ಅದಲ್ರಿ, ಅದನ್ನ ಕಳಿತೀನಿ." ಒಂದು ಗುಂಡಿ ಒತ್ತಿದಳು. ನನ್ನ ಇಡೀ ದಿನದ ದ್ರೋಹ ಎರಡು ನಿಮಿಷದಲ್ಲಿ ತೊಳೆದುಹೋಯಿತು. ಹೊರಗೆ ಬಾಲರಾಜ ಹಾರ್ನ್ ಹೊಡೆದ. ಅವಳು ಸೆರಗು ಸರಿ ಮಾಡಿಕೊಂಡು ಹೋದಳು. ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಇಷ್ಟು ಬೇಗ ಹೇಗೆ ಸರಿ ಮಾಡಿದಳು ಎಂಬ ಕಿಚ್ಚು.

ಗುರುವಾರ ಪೂರ್ತಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಮೇಡಂ "ಶರಣಕುಮಾರ" ಎಂದು ಕೂಗಿದಾಗಲೆಲ್ಲ ಕೂತಲ್ಲಿಂದ ದಡಕ್ಕನೆ ಏಳುತ್ತಿದ್ದೆ. ಒಂದು ಸಲ ಬೀಗದ ಕೈ ಕೇಳಿದರು, ಇನ್ನೊಂದು ಸಲ ಕುರ್ಚಿ ಹಾಕಿಸಿ ಅಂದರು. ಮೌನಮ್ಮ ಕಂಪ್ಯೂಟರಿನ ಮುಂದೆ ಕೂತು ಏನೋ ಬರೆಯುತ್ತಿದ್ದಳು.

ಶುಕ್ರವಾರ ಹನ್ನೆರಡು ಜನ ಬಂದರು. ನಾನು ಬಾಗಿಲ ಹತ್ತಿರ ನಿಂತೆ. ಮೌನಮ್ಮ ಮ್ಯಾಕ್ರೋ ಓಡಿಸಿದಳು. ಎಣಿಕೆ ಶುರುವಾಗುವ ಬದಲು ಪರದೆಯ ನಡುವೆ ಒಂದು ಚೌಕ ತೆರೆಯಿತು. ದಪ್ಪ ಅಕ್ಷರದಲ್ಲಿ ಬರೆದಿತ್ತು:

‘ಖಾಲಿ ಗಾಜು ನೋಡಿದವರು: ಶರಣಕುಮಾರ. ಗಾಜು ಖಾಲಿ ಇದೆಯೇ?’

ಕೆಳಗೆ ಎರಡು ಗುಂಡಿ, ಹೌದು, ಇಲ್ಲ.

"ಇದೇನಿದು ಮೌನಮ್ಮ, ಹೊಸದು?" ಮೇಡಂ ಕೇಳಿದರು.

ಈಗ ಹೇಳುತ್ತಾಳೆ ಅಂದುಕೊಂಡೆ.

"ಖಾಲಿ ಫೋಟೋ ತಪ್ಪಿದ್ರ ಎಲ್ಲಾ ತಪ್ತದ್ರಿ ಮೇಡಂ. ಗಾಜಿನ ಮ್ಯಾಲ ಒಂದ್ ಕಾಳ ಇದ್ರೂ ಏನಾಗ್ತದಂತ ನಮ್ಮ ಸರ್ರಿಗೆ ಗೊತ್ತದ. ಅವರಷ್ಟು ಯಾರಿಗೂ ಗೊತ್ತಿಲ್ರಿ."

ಹನ್ನೆರಡು ಜನ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿದರು. ಮೇಡಂ ಕೂಡ. ನಾನು ನಮಸ್ಕಾರ ಮಾಡಿದೆ. ಇನ್ನೇನು ಮಾಡಲಿ?

ನಾಲ್ಕೂ ಕೇಂದ್ರದವರು ಮ್ಯಾಕ್ರೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರು. ನಾನು ಕಾಣದ ಊರುಗಳಲ್ಲಿ, ನನ್ನ ಮುಖ ನೋಡದ ಜನ ದಿನಾ ಬೆಳಿಗ್ಗೆ ನನ್ನ ಹೆಸರು ಓದಿ ಗಾಜು ಒರೆಸುತ್ತಾರೆ. ಹೆಸರು ಬೇಕು ಎಂದು ಸಾಯುತ್ತಿದ್ದೆನಲ್ಲ, ಸಿಕ್ಕಿತು. ಅದು ಯಾಕೆ ಅಲ್ಲಿ ಬಂತು ಎಂದು ಗೊತ್ತಿರುವವರು ಇಬ್ಬರೇ.

ಹದಿನೈದು ದಿನ ತಡೆದೆ. ಆಮೇಲೆ ಊಟದ ಹೊತ್ತಿಗೆ ಅವಳ ಹತ್ತಿರ ಹೋಗಿ ಮೆಲ್ಲಗೆ ಅಂದೆ: "ಮೌನಮ್ಮ, ಆ ಚೌಕದಾಗಿಂದ ನನ್ನ ಹೆಸರು ತೆಗದು ಬಿಡು."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಒಂದ್ ಸಾಲ ಅಳಿಸಿದ್ರ ಆತ್ರಿ ಸರ್ರ, ಈಗಾ ತೆಗಿತೀನಿ. ಯಾಕ ತೆಗದಿ ಅಂತ ಮೇಡಂ ಕೇಳಿದ್ರ ಏನ್ ಹೇಳ್ಲಿ? ಅದೊಂದು ನೀವಾ ಹೇಳಿಕೊಡ್ರಿ."

ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು, ಅಷ್ಟೇ.

"ಇರ್ಲಿ ಬಿಡು," ಅಂದೆ.

ಮರುದಿನ ಬೆಳಿಗ್ಗೆ ಗಾಜನ್ನು ಎರಡು ಸಲ ಒರೆಸಿದೆ. ಬಗ್ಗಿ, ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದೆ. ಫೋಟೋ ತೆಗೆದೆ. ಚೌಕ ತೆರೆಯಿತು. ನನ್ನ ಹೆಸರು ಓದಿ, ಹೌದು ಒತ್ತಿದೆ.