ಜೋಡಿಸದ ತಂತಿಯಿಂದ ಬಂದ ಕರೆ

ಯಂತ್ರಕ್ಕೂ ಮನುಷ್ಯರ ಮನಸ್ಸು ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಕುಡಿಯುವ ನೀರಿನ ಪಂಪ್‌ಹೌಸ್‌ಗಳ ಪ್ಯಾನೆಲ್ ಒಳಗೆ ಬೆಂಕಿಪೊಟ್ಟಣದ ಗಾತ್ರದ ಈಥರ್ನೆಟ್ ಮಾಡ್ಯೂಲ್ ಕೂರಿಸಿ, ಅದಕ್ಕೆ ಪ್ರೋಗ್ರಾಂ ಬರೆಯುತ್ತೇನೆ. ಮೋಟಾರು ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಅದು ತಂತಿಯ ಮೂಲಕ ನಮ್ಮ ಆಫೀಸಿನ ಕಂಪ್ಯೂಟರಿಗೆ ತಿಳಿಸುತ್ತದೆ. ಬರೆದಷ್ಟನ್ನು ಮಾಡುತ್ತದೆ, ಬರೆಯದ್ದನ್ನು ಮಾಡುವುದಿಲ್ಲ. ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನಡೆದಂತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೊನ್ನಾಳಿಯಲ್ಲಿ ರೂಮು ಮಾಡಿಕೊಂಡಿದ್ದೆ. ನ್ಯಾಮತಿ ಕಡೆಯ ಒಂದು ಹಳ್ಳಿಯ ಪಂಪ್‌ಹೌಸ್ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಊರಿಗೆ ನೀರು ಬಿಡುತ್ತಿದ್ದವರು ರತ್ನಮ್ಮ. ಅವರ ಗಂಡ ನೀರುಗಂಟಿಯಾಗಿದ್ದವರು, ತೀರಿಕೊಂಡ ಮೇಲೆ ಆ ಕೆಲಸ ಇವರಿಗೆ ಬಂದಿತ್ತು. ನಾನು ರತ್ನಕ್ಕ ಎನ್ನುತ್ತಿದ್ದೆ. ಹೋದಾಗಲೆಲ್ಲ ಗೋಣಿಚೀಲ ಹಾಸಿ ಕೂರಿಸಿ, ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು.

ಮಾಡ್ಯೂಲ್ ಕೂರಿಸಿದ ದಿನ ಅದರ ಹಸಿರು ದೀಪವನ್ನೇ ಬಹಳ ಹೊತ್ತು ನೋಡಿ, "ಇದು ಬಂದ್‌ಮ್ಯಾಲೆ ನನ್ನ ಕೆಲ್ಸ ಹೋಗ್ತೈತೇನ್ರಿ ಮೇಡಂ?" ಎಂದು ಕೇಳಿದರು.

"ವಾಲ್ವ್ ತಿರುಗಿಸೋಕೆ ಇದಕ್ಕೆ ಕೈ ಎಲ್ಲಿದೆ ರತ್ನಕ್ಕ?" ಎಂದೆ. ಅವರಿಗೆ ಸಮಾಧಾನವಾಯಿತು. ಆಮೇಲೆ ದಿನಾ ಸೆರಗಿನಿಂದ ಆ ಪ್ಯಾನೆಲ್‌ನ ಧೂಳು ಒರೆಸುತ್ತಿದ್ದರು.

ಪ್ಯಾನೆಲ್ ಮೇಲೆ ಒಂದು ಕೆಂಪು ಗುಂಡಿ ಇಟ್ಟಿದ್ದೆ. ಏನಾದರೂ ತೊಂದರೆಯಾದಾಗ ಒತ್ತಿದರೆ ನನ್ನ ಫೋನಿಗೆ 'ಬನ್ನಿ' ಎಂಬ ಒಂದೇ ಮಾತು ಬರುವಂತೆ ಬರೆದಿದ್ದೆ. ಆದರೆ ಊರಿಗೆ ಇಂಟರ್ನೆಟ್ ಲೈನ್ ಇನ್ನೂ ಎಳೆದಿರಲಿಲ್ಲ. ಮಾಡ್ಯೂಲಿಗೆ ಕರೆಂಟಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನಿನಲ್ಲಿ 'ಬನ್ನಿ' ಎಂದು ಬಂತು, ಕೆಳಗೆ ಆ ಪಂಪ್‌ಹೌಸಿನ ನಂಬರು. ಲೈನಿನವರು ಬಂದು ಜೋಡಿಸಿರಬೇಕು, ರತ್ನಕ್ಕ ಒತ್ತಿ ನೋಡುತ್ತಿದ್ದಾರೆ ಎಂದುಕೊಂಡೆ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೊಮ್ಮೆ 'ಬನ್ನಿ' ಬಂತು. ಊಟ ಅರ್ಧಕ್ಕೇ ಬಿಟ್ಟೆ. ಕೈ ತೊಳೆದು ಸ್ಕೂಟರ್ ತೆಗೆದೆ.

ಪಂಪ್‌ಹೌಸಿನ ಬಾಗಿಲು ತೆರೆದಿತ್ತು. ಒದ್ದೆ ನೆಲದಲ್ಲಿ ಜಾರಿ ಬಿದ್ದ ರತ್ನಕ್ಕ ಮೋಟಾರಿನ ಪಕ್ಕದಲ್ಲಿದ್ದರು. ತಲೆಯ ಹಿಂದೆ ರಕ್ತ. ಕಣ್ಣುಗಳು ಅರ್ಧ ತೆರೆದಿದ್ದವು. ಅವರ ಫೋನು ಬಾಗಿಲ ಬಳಿ ಊಟದ ಚೀಲದಲ್ಲೇ ಇತ್ತು. ಪಕ್ಕದ ಹೊಲದಲ್ಲಿದ್ದ ಇಬ್ಬರನ್ನು ಕೂಗಿ ಕರೆದು, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮರುದಿನ ಪಂಪ್‌ಹೌಸಿಗೆ ಹೋಗಿ ಪ್ಯಾನೆಲ್ ತೆರೆದೆ. ಮಾಡ್ಯೂಲಿಗೆ ತಂತಿ ಸಿಕ್ಕಿಸುವ ಕಿಂಡಿಗೆ ನಾನೇ ಹಾಕಿದ್ದ ರಬ್ಬರ್ ಮುಚ್ಚಳ ಹಾಗೇ ಇತ್ತು. ಲೈನಿನವರನ್ನು ಕೇಳಿದರೆ, "ನಾವಿನ್ನೂ ಆ ಊರಿಗೇ ಹೋಗಿಲ್ರಿ" ಎಂದರು. ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಎರಡೂ ಸಂದೇಶಗಳಿದ್ದವು, ಅದೇ ಮಾಡ್ಯೂಲಿನ ನಂಬರಿನಲ್ಲಿ. ಬೇರೆ ಯಾವುದೋ ಮಾಡ್ಯೂಲಿಗೆ ಅದೇ ನಂಬರು ಬಿದ್ದಿರಬೇಕು, ಹುಡುಕು ಎಂದರು ನಮ್ಮ ಹಿರಿಯ ಇಂಜಿನಿಯರ್. ಚನ್ನಗಿರಿ, ಜಗಳೂರು ಎಂದು ನಾನು ಕೂರಿಸಿದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಸಿಗಲಿಲ್ಲ.

ವಾರ್ಡಿನಲ್ಲಿ ರತ್ನಕ್ಕ ಎದ್ದು ಕೂರುವಂತಾದ ಮೇಲೆ, ಗುಂಡಿ ಒತ್ತಿದ್ದಿರಾ ಎಂದು ಕೇಳಿದೆ.

"ಕೈ ಎತ್ತಾಕೂ ಆಗ್ಲಿಲ್ಲ ಮೇಡಂ. ನೀವು ಬಂದ್ರೆ ಚೆನ್ನಾಗಿರ್ತಿತ್ತು ಅಂತ ಅನ್ಕಂಡೆ. ಎರಡ್ ಸಲ ಅನ್ಕಂಡೆ."

ತಂತಿಯನ್ನೇ ಜೋಡಿಸಿರಲಿಲ್ಲ, ಆದರೂ ಸಂದೇಶ ನನಗೆ ಹೇಗೆ ಬಂತೋ ಗೊತ್ತಿಲ್ಲ ಎಂದು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ಬಂದ್ರಲ್ಲ, ಸಾಕು ಬಿಡ್ರಿ" ಎಂದರು.

ಅವರಿಗೆ ಅಷ್ಟು ಸಾಕಾಯಿತು. ನನಗೆ ಇನ್ನೂ ಸಾಕಾಗಿಲ್ಲ.