ಎದುರಿನ ಖಾಲಿ ಕುರ್ಚಿ

ಲೋಕಲ್ ರೈಲು ನಡುವೆ ಎಲ್ಲೋ ನಿಂತುಬಿಡಬಹುದಿತ್ತು. ಹೋಟೆಲಿನ ಹೊರಗಿನ ಸಾಲು ಬೀದಿಯ ತಿರುವಿನವರೆಗೆ ಬೆಳೆದಿರಬಹುದಿತ್ತು. ಚಟ್ನಿ ಹಳಸಿ ನನ್ನ ಹೊಟ್ಟೆ ಕೈಕೊಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಗಳು ಹಾಸ್ಟೆಲಿಗೆ ಹೋದ ಮೇಲೆ ಮೊದಲ ಸಲ ಇಬ್ಬರೇ ಹೊರಟ ನನಗೂ ಹೆಂಡತಿಗೂ ಆಡಲು ಮಾತೇ ಇಲ್ಲದೆ ಹೋಗಬಹುದಿತ್ತು. ಮನೆಯಲ್ಲಾದರೆ ಟಿ.ವಿ. ಇದೆ, ಕುಕ್ಕರಿನ ಸೀಟಿ ಇದೆ.

ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೇ ಮಂದ ಬೆಳಕಿನ, ಸದ್ದಿಲ್ಲದ ರೆಸ್ಟೋರೆಂಟ್ ಇತ್ತು. ಆ ಸದ್ದಿಲ್ಲದಿರುವಿಕೆಗೇ ಹೆದರಿ ಮಾಟುಂಗದ ಗಲಾಟೆಯ ಉಡುಪಿ ಹೋಟೆಲನ್ನು ಆರಿಸಿದೆ.

ಅಲ್ಲಿ ಅಭ್ಯಾಸಬಲದಿಂದ ಪಕ್ಕಪಕ್ಕ ಕೂತೆವು. ರಶ್ ಇದ್ದಾಗ ಎದುರಿನ ಕುರ್ಚಿ ಬೇರೆ ಗಿರಾಕಿಗೆ ಎಂಬುದು ಅಲ್ಲಿನ ರೂಢಿ. "ಶೇರಿಂಗ್ ಆಗ್ತದಾ ಸರ್?" ಎಂದು ವೇಟರ್ ಕೇಳಿ ಮುಗಿಸುವ ಮೊದಲೇ ತಲೆಯಾಡಿಸಿದೆ. ಅಪರಿಚಿತರೊಬ್ಬರು ಕೂತು, ಇಡ್ಲಿ ಮುಗಿಸಿ, ಎದ್ದು ಹೋದರು. ಅಷ್ಟು ಹೊತ್ತು ನಾವು ಮಾತಾಡದಿರಲು ಅವರಾದರೂ ನೆಪವಾಗಿದ್ದರು. ನಮ್ಮ ಕಾಫಿ ಬಂತು. ಇನ್ನೊಬ್ಬ ಗಿರಾಕಿ ಬರಲಪ್ಪಾ ಎಂದು ಬಾಗಿಲ ಕಡೆ ನೋಡಿದೆ.

ಹೆಂಡತಿ ತನ್ನ ಲೋಟ ಎತ್ತಿಕೊಂಡು ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು.

"ಡೇಟಿಗೆ ಮೂರನೆಯವರು ಯಾಕೆ ಮಾರಾಯ್ರೆ? ನನ್ನನ್ನು ಕಂಡ್ರೆ ಅಷ್ಟು ಹೆದರಿಕೆಯಾ?"

"ನಿನ್ನನ್ನಲ್ಲ. ಮಾತಾಡ್ಲಿಕ್ಕೆ ಏನೂ ಇಲ್ಲದಿದ್ರೆ ಅಂತ."

"ನಂಗೂ ಅದೇ ಹೆದರಿಕೆ ಇತ್ತು," ಎಂದಳು. "ಹೇಳಿ, ಮತ್ತೆ ಎಂಥದಕ್ಕೆಲ್ಲ ಹೆದರಿದ್ರಿ?"

ಲೋಕಲ್‌ನಿಂದ ಶುರುಮಾಡಿದೆ. ಆ ಸಂಜೆ ಕೆಟ್ಟದ್ದು ಒಂದೇ: ಚಟ್ನಿಯವರೆಗೆ ಬರುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು.