ಕಣ್ಣಿಗೆ ಬಿದ್ದ ಕಲ್ಲಿದ್ದಲು

ಕಡೂರಿಂದ ತರೀಕೆರೆ ಕಡೆಗೆ ಕಲ್ಲಿದ್ದಲಿನ ರೈಲು ಓಡುತ್ತಿದ್ದ ಕಾಲ. ಬೆಟ್ಟಸಾಲು ನೋಡೋ ಆಸೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಎಂಜಿನ್ನಿನ ಹೊಗೆಯ ಜೊತೆ ಬಂದ ಇದ್ದಲ ಚೂರೊಂದು ಸೀದಾ ಕಣ್ಣಿಗೇ ಬಿತ್ತು.

“ಉಜ್ಬೇಡ ಕಣಪ್ಪಾ, ಕಣ್ಣು ಹೋಗ್ಬಿಡ್ತದೆ!” ಎದುರಿಗಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಪಕ್ಕದಲ್ಲಿ ಕೂಸು ಎತ್ತಿಕೊಂಡಿದ್ದ ಸೊಸೆಯ ಕೈಗೆ ಲೋಟ ಕೊಟ್ಟು ಏನೋ ಪಿಸುಗುಟ್ಟಿದಳು. ಆಮೇಲೆ ನನ್ನ ತಲೆ ಹಿಂದಕ್ಕೆ ಒತ್ತಿ, ಕಣ್ಣಿಗೆ ಬೆಚ್ಚಗಿನದೇನನ್ನೋ ಬಿಟ್ಟಳು. ಚೂರು ಹೊರಬಂತು, ಉರಿಯೂ ಇಳಿಯಿತು.

“ಯಾವ ಔಷಧಿ ಅಜ್ಜಿ?”

“ಔಷಧಿ ಎಲ್ಲಿ ಬಂತು? ನಮ್ಮ ಸೊಸೆ ಎದೆಹಾಲು ಕಣಪ್ಪಾ.”

ಬೆಟ್ಟ ನೋಡೋಕೆ ಹೊರಟವನು ತರೀಕೆರೆವರೆಗೂ ನನ್ನ ಚಪ್ಪಲಿಯನ್ನೇ ನೋಡುತ್ತಾ ಕೂತೆ. ತಲೆ ಎತ್ತಿದಾಗಲೆಲ್ಲ ಆ ಕೂಸು, ತನ್ನ ಪಾಲು ಕದ್ದವನು ಇವನೇ ಅನ್ನೋ ಹಾಗೆ, ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.